ಮುತ್ತಜ್ಜ ತೀರಿಕೊಂಡಿದ್ದು ಯಾವತ್ತು? ಐದು ದಾಖಲೆ, ಐದು ಮಾತು

ಪ್ರಶ್ನೆ: ನಮ್ಮ ಮುತ್ತಜ್ಜನ ಸಮಾಧಿ ಕಲ್ಲು ಒಡೆದು ಎರಡು ತುಂಡಾಗಿದೆ. ಹೊಸದು ಹಾಕಿಸೋಣ ಎಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿದ್ದೇವೆ. ಆದರೆ ಯಾವ ತಾರೀಖು ಕೆತ್ತಿಸಬೇಕು ಎಂದೇ ತಿಳಿಯುತ್ತಿಲ್ಲ. ಮರಣ ಪ್ರಮಾಣಪತ್ರದ ನಕಲಿನಲ್ಲಿ 1923ರ ಮಾರ್ಚ್ 9 ಎಂದಿದೆ, ವಯಸ್ಸು 71. ಅದನ್ನು ನೋಂದಾಯಿಸಿದ್ದು ಮಾರ್ಚ್ 16ಕ್ಕೆ, ಮಾಹಿತಿ ಕೊಟ್ಟವರು ಅಳಿಯ. ಸ್ಮಶಾನದ ರಿಜಿಸ್ಟರಿನಲ್ಲಿ ಮಾರ್ಚ್ 8ಕ್ಕೇ ಮಣ್ಣು ಮಾಡಿದ್ದಾರೆ, ಅಲ್ಲಿ ವಯಸ್ಸು 68. ಹಳೆಯ ಕಲ್ಲಿನ ಮೇಲೆ 1924ರ ಮಾರ್ಚ್ 7 ಎಂದಿದೆ. ಅದೇ ಕಲ್ಲಿನಲ್ಲಿ 1939ರಲ್ಲಿ ತೀರಿಕೊಂಡ ಮುತ್ತಜ್ಜಿಯ ಹೆಸರೂ ಇದೆ. 1923ರ ಮಾರ್ಚ್ 10, ಶನಿವಾರದ ವಾರಪತ್ರಿಕೆಯೊಂದರಲ್ಲಿ 'ಕಳೆದ ಬುಧವಾರ ತೀರಿಕೊಂಡರು' ಎಂಬ ಸುದ್ದಿ ಸಿಕ್ಕಿದೆ. ಸಾಲದ್ದಕ್ಕೆ, ಸಮಾಧಿಗಳ ವಿವರ ಕೊಡುವ ವೆಬ್‌ಸೈಟಿನಲ್ಲಿ ಅವರ ಸಮಾಧಿ ಬೇರೆಯೇ ಊರಿನಲ್ಲಿದೆ ಎಂದಿದೆ. ಅಲ್ಲಿ ಫೋಟೊ ಇಲ್ಲ. ತಾರೀಖು 1923ರ ಮಾರ್ಚ್ 9. ಸರ್ಕಾರಿ ಕಾಗದವನ್ನೇ ನಂಬಬೇಕಾ?

ಉತ್ತರ: ಸರ್ಕಾರಿ ಕಾಗದ ಎನ್ನುವ ಒಂದೇ ಕಾರಣಕ್ಕೆ ನಂಬಬೇಡಿ. ಎಷ್ಟು ಕಾಗದ ಒಂದೇ ತಾರೀಖು ಹೇಳುತ್ತವೆ ಎಂದು ಎಣಿಸಲೂ ಹೋಗಬೇಡಿ. ಪ್ರತಿಯೊಂದು ದಾಖಲೆಗೂ ಮೂರು ಪ್ರಶ್ನೆ ಕೇಳಿ. ಈ ಮಾತು ಹೇಳಿದವರು ಯಾರು? ಘಟನೆಯಾಗಿ ಎಷ್ಟು ದಿನಕ್ಕೆ ಹೇಳಿದರು? ಅವರಿಗೆ ಅದು ಹೇಗೆ ಗೊತ್ತಿತ್ತು? ನೀವು ಕಳಿಸಿದ ಐದಕ್ಕೂ ಹೀಗೆ ಕೇಳುತ್ತಾ ಹೋದರೆ ಅರ್ಧ ಗೊಂದಲ ತಾನಾಗಿಯೇ ಕರಗುತ್ತದೆ.

ಅದಕ್ಕೂ ಮೊದಲು, ಈ ದಾಖಲೆಗಳು ನಿಜವಾಗಿ ಜಗಳವಾಡುತ್ತಿವೆಯಾ ಎಂದು ನೋಡಬೇಕು. ತೀರಿಕೊಂಡ ದಿನ, ಮಣ್ಣು ಮಾಡಿದ ದಿನ, ಕಚೇರಿಯಲ್ಲಿ ಬರೆಸಿದ ದಿನ, ಮೂರೂ ಬೇರೆ ಬೇರೆ. ಒಂದನ್ನು ಇನ್ನೊಂದು ಎಂದು ತಿಳಿದು ಒದ್ದಾಡುವವರು ಬಹಳ ಜನ. ಇಂಗ್ಲೆಂಡಿನ ಚರ್ಚುಗಳಲ್ಲಿ 1813ರಿಂದ ಬಳಕೆಗೆ ಬಂದ ಅಚ್ಚಾದ ರಿಜಿಸ್ಟರಿನಲ್ಲಿ ಹೆಸರು, ವಾಸದ ಸ್ಥಳ, ಮಣ್ಣು ಮಾಡಿದ ದಿನ, ವಯಸ್ಸು, ವಿಧಿ ನಡೆಸಿದವರ ಸಹಿ, ಇಷ್ಟಕ್ಕೆ ಮಾತ್ರ ಜಾಗ. ಸತ್ತ ದಿನಕ್ಕೆ ಕಾಲಮ್ಮೇ ಇಲ್ಲ. ಅದೇ ದೇಶದಲ್ಲಿ ಸರ್ಕಾರಿ ನೋಂದಣಿ ಶುರುವಾಗಿದ್ದು 1837ರ ಜುಲೈ 1ಕ್ಕೆ. ಅದರ ಹಳೆಯ ಇಂಡೆಕ್ಸ್ ಮೂರು ಮೂರು ತಿಂಗಳಿಗೆ ಒಂದು. ಆದರೆ ಹೆಸರು ಸೇರುವುದು ನೋಂದಣಿಯಾದ ದಿನದ ಲೆಕ್ಕದಲ್ಲಿ. ಮಾರ್ಚ್ ಕೊನೆಯಲ್ಲಿ ತೀರಿಕೊಂಡವರ ಹೆಸರು ಜೂನ್‌ಗೆ ಮುಗಿಯುವ ಕಂತಿನಲ್ಲಿ ಸಿಗಬಹುದು. ಇದು ಗೊತ್ತಿಲ್ಲದವರು ಎರಡು ತಾರೀಖು ಸಿಕ್ಕಿತು ಎಂದುಕೊಳ್ಳುತ್ತಾರೆ.

ದೊಡ್ಡವರ ವಿಷಯದಲ್ಲೂ ಹೀಗೇ ಆಗಿದೆ. ಶೇಕ್ಸ್‌ಪಿಯರ್ ತೀರಿಕೊಂಡಿದ್ದು 1616ರ ಏಪ್ರಿಲ್ 23ಕ್ಕೆ ಎಂದು ಎಲ್ಲರೂ ಓದಿದ್ದೇವೆ. ಆದರೆ ಅವನ ಊರು ಸ್ಟ್ರಾಟ್‌ಫರ್ಡ್‌ನ ಚರ್ಚಿನ ರಿಜಿಸ್ಟರಿನಲ್ಲಿ ಇರುವುದು ಏಪ್ರಿಲ್ 25, ಮಣ್ಣು ಮಾಡಿದ ದಿನ. 23 ಎನ್ನುವುದು ಬಂದದ್ದು ಅದೇ ಚರ್ಚಿನ ಗೋಡೆಯಲ್ಲಿರುವ ಸ್ಮಾರಕದ ಬರಹದಿಂದ. ಎರಡೂ ಸರಿ, ಎರಡೂ ಬೇರೆ ಬೇರೆ ಸಂಗತಿ ಹೇಳುತ್ತವೆ. ಸ್ಪೇನಿನ ಲೇಖಕ ಸೆರ್ವಾಂಟಿಸ್ ಕೂಡ ಅದೇ 23ರಂದು ತೀರಿಕೊಂಡ ಎಂದು ತುಂಬ ಕಾಲ ಹೇಳುತ್ತಿದ್ದರು. ಆತ ತೀರಿಕೊಂಡಿದ್ದು 22ಕ್ಕೆ, 23 ಮಣ್ಣಾದ ದಿನ ಎಂದು ಈಗ ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ.

ಇನ್ನು ನಿಮ್ಮ ಕಾಗದಗಳಿಗೆ ಬರೋಣ.

ಸ್ಮಶಾನದ ರಿಜಿಸ್ಟರ್ ನನಗೆ ಇವುಗಳಲ್ಲೇ ಹೆಚ್ಚು ಗಟ್ಟಿ ಎನಿಸುತ್ತದೆ. ಅಲ್ಲಿನ ಗುಮಾಸ್ತರಿಗೆ ನಿಮ್ಮ ಮುತ್ತಜ್ಜ ಯಾರೆಂದೂ ಗೊತ್ತಿರಲಿಕ್ಕಿಲ್ಲ. ಆದರೆ ಯಾವ ದಿನ ಯಾವ ಗುಂಡಿ ತೋಡಿಸಿದರು ಎನ್ನುವುದು ಅವರ ದಿನದ ಕೆಲಸ. ಅದನ್ನು ನೆನಪಿನಿಂದ ಬರೆಯುವುದಿಲ್ಲ, ಆವತ್ತೇ ಬರೆಯುತ್ತಾರೆ. ಹಾಗಂತ ಕಣ್ಣು ಮುಚ್ಚಿ ಒಪ್ಪಬೇಡಿ. ಆ ಸಾಲಿನ ಮೇಲಿನ ನಾಲ್ಕು ಹೆಸರು, ಕೆಳಗಿನ ನಾಲ್ಕು ಹೆಸರು ನೋಡಿ. ಮೇಲೆ 6, 7, 8, ಕೆಳಗೆ 8, 9, 10 ಎಂದು ಕ್ರಮವಾಗಿ ಹೋಗಿದ್ದರೆ ನಡುವಿನ 8 ಕೈತಪ್ಪಿ ಬಂದದ್ದಲ್ಲ. ಕ್ರಮ ಸಂಖ್ಯೆ ಇದ್ದರೆ ಇನ್ನೂ ಒಳ್ಳೆಯದು. ಕಾಲಮ್ಮಿನ ತಲೆಬರಹವನ್ನೂ ಓದಿ. ಕೆಲವು ರಿಜಿಸ್ಟರುಗಳಲ್ಲಿ ತಾರೀಖು ಎಂದರೆ ಜಾಗಕ್ಕೆ ದುಡ್ಡು ಕಟ್ಟಿದ ದಿನ. ನಿಮ್ಮಲ್ಲಿ ಅದು ಹಾಗೇ ಆಗಿದ್ದರೂ ಒಂದು ಮಾತು ನಿಲ್ಲುತ್ತದೆ. 8ಕ್ಕೆ ಜಾಗ ಕೇಳಿದ್ದಾರೆ ಎಂದರೆ ಅಷ್ಟರಲ್ಲಿ ಅವರು ತೀರಿಕೊಂಡಿದ್ದರು ಎನ್ನುವುದೇ ಸಹಜ.

ಹಾಗಾದರೆ ಪ್ರಮಾಣಪತ್ರದ 9 ಎಲ್ಲಿಂದ ಬಂತು? ನಿಮ್ಮ ಕೈಯಲ್ಲಿರುವುದು ನಕಲು, ಅದೂ ಟೈಪ್ ಮಾಡಿದ್ದು. ಅಂದರೆ ಯಾರೋ ಮೂಲ ಪುಸ್ತಕದ ಕೈಬರಹ ನೋಡಿ ಹೊಸದಾಗಿ ಬರೆದು ಮೊಹರು ಹಾಕಿದ್ದಾರೆ. ಮೊಹರು ಬಿದ್ದ ಮಾತ್ರಕ್ಕೆ ಓದಿದ್ದು ಸರಿ ಎಂದಾಗುವುದಿಲ್ಲ. ಮೂಲ ಪುಟದ ಫೋಟೊ ಅಥವಾ ಸ್ಕ್ಯಾನ್ ಕೇಳಿ. ಸಿಕ್ಕಾಗ ನಿಮ್ಮ ಮುತ್ತಜ್ಜನ ಸಾಲನ್ನು ಮೊದಲು ನೋಡಲೇಬೇಡಿ. ಅದೇ ಪುಟದಲ್ಲಿ ಅದೇ ಕೈಯಲ್ಲಿ ಬರೆದ ಬೇರೆ 7ಗಳನ್ನೂ 9ಗಳನ್ನೂ ಹುಡುಕಿ. 17, 19, 27, 29, ವಯಸ್ಸಿನ ಕಾಲಮ್ಮಿನ 70, 90. ಕೆಲವರು 7ರ ತಲೆಯನ್ನು ಎಡಗಡೆಗೆ ಸುತ್ತಿ ಕೆಳಕ್ಕೆ ಎಳೆಯುತ್ತಾರೆ. ಶಾಯಿ ಸ್ವಲ್ಪ ಹರಡಿದರೂ ಸುತ್ತು ಮುಚ್ಚಿಕೊಂಡು 9 ಆಗುತ್ತದೆ. ಇನ್ನು ಕೆಲವರು 9ರ ಸುತ್ತನ್ನು ಪೂರ್ತಿ ಮುಚ್ಚುವುದೇ ಇಲ್ಲ. ಆ ಗುಮಾಸ್ತರ ಕೈ ಹೇಗಿತ್ತು ಎಂದು ನಿಮ್ಮ ಕಣ್ಣಿಗೆ ಪಳಗಿದ ಮೇಲೆ ನಿಮ್ಮ ಸಾಲಿಗೆ ಬನ್ನಿ. ಮೊದಲೇ ಅದನ್ನು ನೋಡಿದರೆ ಮನಸ್ಸು ತನಗೆ ಬೇಕಾದ್ದನ್ನೇ ಓದುತ್ತದೆ.

ಮೂಲದಲ್ಲೂ ಸ್ಪಷ್ಟವಾಗಿ 9 ಎಂದೇ ಇದ್ದರೆ? ಆಗ ಅಳಿಯನ ಕಡೆ ತಿರುಗಬೇಕು. ಅವರು ಬರೆಸಿದ್ದು 16ಕ್ಕೆ, ಒಂದು ವಾರದ ಮೇಲೆ. ತೀರಿಕೊಂಡಾಗ ಪಕ್ಕದಲ್ಲಿದ್ದರಾ, ಅಥವಾ ಸುದ್ದಿ ಕೇಳಿ ಬಂದವರಾ? ರಿಜಿಸ್ಟರಿನಲ್ಲಿ ಅವರ ವಿಳಾಸ ಇರುತ್ತದೆ. ಅದು ಬೇರೆ ಊರಿನದಾಗಿದ್ದರೆ, 9 ಎನ್ನುವುದು ಅವರು ಬಂದು ಮುಟ್ಟಿದ ದಿನವೂ ಆಗಿರಬಹುದು. ಕೆಲವು ದೇಶಗಳ ನಮೂನೆಯಲ್ಲಿ 'ಸಾವಿನ ಹೊತ್ತಿಗೆ ಹಾಜರಿದ್ದರು' ಎಂದೇ ಬರೆಯುವ ಪದ್ಧತಿ ಇದೆ. ಅಂಥ ಮಾತು ಇದೆಯೋ ಇಲ್ಲವೋ ನೋಡಿ. ದುಃಖದಲ್ಲಿ ಇರುವವರು, ಓಡಾಟದಲ್ಲಿ ನಿದ್ದೆಗೆಟ್ಟವರು ತಾರೀಖು ತಪ್ಪಿ ಹೇಳುವುದು ಸಹಜ. ಅದರಲ್ಲಿ ಮೋಸ ಏನೂ ಇಲ್ಲ.

ವಾರಪತ್ರಿಕೆಯ ಸುದ್ದಿ ನಿಮಗೆ ಸಿಕ್ಕಿದ್ದು ಭಾಗ್ಯ. 1923ರ ಮಾರ್ಚ್ 10 ಶನಿವಾರ. ಅದರ ಹಿಂದಿನ ಬುಧವಾರ ಮಾರ್ಚ್ 7. 'ಕಳೆದ ಬುಧವಾರ' ಎಂದರೆ ಅದಕ್ಕೂ ಹಿಂದಿನ ವಾರ, ಅಂದರೆ ಫೆಬ್ರವರಿ 28 ಎಂದೂ ಹಿಡಿಯಬಹುದು, ಅಲ್ವಾ? ಹಿಡಿಯಬಹುದು. ಆದರೆ ಆಗ ಎಂಟು ದಿನ ಬಿಟ್ಟು ಮಣ್ಣು ಮಾಡಿದರು ಎನ್ನಬೇಕಾಗುತ್ತದೆ. ಅದಕ್ಕೆ ಬೇರೆ ಕಾರಣ ಏನೂ ಕಾಣುತ್ತಿಲ್ಲ. ಒಂದು ಎಚ್ಚರ ಮಾತ್ರ ಇರಲಿ. ಹಳೆಯ ವಾರಪತ್ರಿಕೆಗಳು ದಿನಪತ್ರಿಕೆಯ ಸುದ್ದಿಯನ್ನು ಹಾಗೇ ಎತ್ತಿ ಹಾಕುತ್ತಿದ್ದವು, 'ಕಳೆದ ಬುಧವಾರ' ಎನ್ನುವ ಮಾತನ್ನೂ ಬಿಡದೆ. ಹಾಗಾಗಿ ಆ ವಾರದ ದಿನಪತ್ರಿಕೆಗಳೂ ಉಳಿದಿದ್ದರೆ ಒಮ್ಮೆ ನೋಡಿ. ಈ ಸುದ್ದಿಯ ಬೆಲೆ ಇರುವುದು ಒಂದು ಕಾರಣಕ್ಕೆ. ಇದು ಅಚ್ಚಾಗಿದ್ದು 10ಕ್ಕೆ, ಅಳಿಯ ಕಚೇರಿಗೆ ಹೋಗಿದ್ದು 16ಕ್ಕೆ. ಪತ್ರಿಕೆ ಅವರ ಮಾತನ್ನು ಆ ಕಚೇರಿಯಿಂದ ನಕಲು ಮಾಡಿರಲು ಸಾಧ್ಯವೇ ಇಲ್ಲ.

ಈ ಸ್ವತಂತ್ರ ಸಾಕ್ಷಿ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಜನ ಜಾಸ್ತಿ ಎಡವುವುದು ಇಲ್ಲೇ. ನಿಮ್ಮ ಪಟ್ಟಿಯಲ್ಲಿ 9ನೇ ತಾರೀಖಿಗೆ ಎರಡು ದಾಖಲೆ ಇರುವಂತೆ ಕಾಣುತ್ತದೆ, ಪ್ರಮಾಣಪತ್ರ ಮತ್ತು ವೆಬ್‌ಸೈಟ್. ಆದರೆ ವೆಬ್‌ಸೈಟಿನಲ್ಲಿ ಫೋಟೊ ಇಲ್ಲ, ಕಲ್ಲಿನ ಬರಹ ಇಲ್ಲ. ತಾರೀಖು ಮಾತ್ರ ಪ್ರಮಾಣಪತ್ರದ್ದೇ. ಯಾರೋ ನಿಮ್ಮ ಹಾಗೇ ಆ ನಕಲು ತೆಗೆಸಿ ಅಲ್ಲಿ ಹಾಕಿದ್ದಾರೆ ಎನ್ನುವುದೇ ಹೆಚ್ಚು ಸಂಭವ. ಹಾಗಿದ್ದರೆ ಅವೆರಡೂ ಸೇರಿ ಒಂದೇ ಸಾಕ್ಷಿ. ನಾಳೆ ಇನ್ನೂ ಹತ್ತು ವಂಶವೃಕ್ಷಗಳಲ್ಲಿ 9 ಎಂದು ಕಂಡರೂ ಅಷ್ಟೇ, ಸಾಕ್ಷಿ ಒಂದೇ. ಫೈಂಡ್ ಎ ಗ್ರೇವ್ ಥರದ ತಾಣಗಳಿಂದ ಉಪಕಾರ ಬಹಳ ಆಗಿದೆ, ನಾನೂ ದಿನಾ ನೋಡುತ್ತೇನೆ. ಆದರೆ ಅಲ್ಲಿ ಯಾರು ಬೇಕಾದರೂ ಪುಟ ತೆರೆಯಬಹುದು. ಸಮಾಧಿ ಕಣ್ಣಾರೆ ನೋಡಿರಲೇಬೇಕು ಎಂಬ ನಿಯಮ ಇಲ್ಲ. ಫೋಟೊ ಇಲ್ಲದ ಪುಟವನ್ನು ಒಂದು ಸುಳಿವು ಎಂದು ಇಟ್ಟುಕೊಳ್ಳಿ, ಅದಕ್ಕಿಂತ ಜಾಸ್ತಿ ಬೇಡ.

ಕಲ್ಲಿನ ವಿಷಯ ಬಹಳ ಸ್ವಾರಸ್ಯವಾಗಿದೆ. ಮುತ್ತಜ್ಜಿಯ ಹೆಸರೂ ಅದರಲ್ಲೇ ಇದೆ ಎಂದಿರಿ. ಒಡೆದ ತುಂಡುಗಳನ್ನು ಎಸೆಯುವ ಮುಂಚೆ ಹತ್ತಿರದಿಂದ ನೋಡಿ. ಇಬ್ಬರ ಹೆಸರಿನ ಅಕ್ಷರಗಳ ಎತ್ತರ, ಕೆತ್ತಿದ ಆಳ, ಸಾಲುಗಳ ನಡುವಿನ ಜಾಗ ಒಂದೇ ಥರ ಇವೆಯಾ? ಬೆಳಿಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಫೋಟೊ ತೆಗೆಯಿರಿ, ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಸೀಮೆಸುಣ್ಣ ಉಜ್ಜಬೇಡಿ, ಬ್ರಷ್ ಹಾಕಬೇಡಿ, ಕಲ್ಲು ಹಾಳಾಗುತ್ತದೆ. ಎಲ್ಲ ಅಕ್ಷರ ಒಂದೇ ಕೈಯವು ಎಂದು ಕಂಡರೆ ಆ ಕಲ್ಲು ಹಾಕಿದ್ದು 1939 ಅಥವಾ ಅದರ ನಂತರ. ಅಂದರೆ ಹದಿನಾರು ವರ್ಷದ ಮೇಲೆ ಯಾರೋ ನೆನಪಿನಿಂದ ಹೇಳಿದ ತಾರೀಖು ಅದು. ಇಂಥ ನೆನಪು ಕೈಕೊಡುವ ರೀತಿಯೇ ಬೇರೆ. ದಿನ, ತಿಂಗಳು ಉಳಿಯುತ್ತವೆ, ಯಾಕೆಂದರೆ ವರ್ಷ ವರ್ಷವೂ ಆ ದಿನ ಬರುತ್ತದೆ, ಮನೆಯವರು ನೆನೆಯುತ್ತಾರೆ. ಜಾರುವುದು ಇಸವಿ. ಹಾಗಾಗಿ ಆ ಕಲ್ಲಿನ ಮಾರ್ಚ್ 7ಕ್ಕೆ ನಾನು ಬೆಲೆ ಕೊಡುತ್ತೇನೆ, 1924ಕ್ಕೆ ಕೊಡುವುದಿಲ್ಲ. ಒಂದು ಅಂಕಿ ತಪ್ಪಿತು ಎಂದು ಇಡೀ ಕಲ್ಲನ್ನೇ ಸುಳ್ಳು ಎನ್ನಬಾರದು. ಒಂದೇ ದಾಖಲೆಯಲ್ಲಿ ಒಂದು ಸಾಲು ಗಟ್ಟಿ ಇರಬಹುದು, ಪಕ್ಕದ ಸಾಲು ಟೊಳ್ಳು ಇರಬಹುದು.

1924 ತಪ್ಪು ಎಂದು ಇನ್ನೂ ಒಂದು ದಾರಿಯಿಂದ ತೋರಿಸಬೇಕು. ಬದುಕಿದ್ದರು ಎನ್ನುವುದಕ್ಕೆ ಕೊನೆಯ ಗುರುತು, ತೀರಿಕೊಂಡಿದ್ದರು ಎನ್ನುವುದಕ್ಕೆ ಮೊದಲ ಗುರುತು, ಇವೆರಡನ್ನೂ ಹುಡುಕಿ. ಅವರ ಸಹಿ ಇರುವ ಕೊನೆಯ ಪತ್ರ, ಕಟ್ಟಿದ ತೆರಿಗೆ, ಮತದಾರರ ಪಟ್ಟಿ ಒಂದು ಕಡೆ. ಆಸ್ತಿ ಮಕ್ಕಳ ಹೆಸರಿಗೆ ಆದ ಕಾಗದ, ಉಯಿಲು ಜಾರಿಯಾದ ದಿನ, ಮುತ್ತಜ್ಜಿಯನ್ನು ವಿಧವೆ ಎಂದು ಕರೆದ ಯಾವುದಾದರೂ ದಾಖಲೆ ಇನ್ನೊಂದು ಕಡೆ. 1923ರ ಕೊನೆಯೊಳಗೆ ಆಸ್ತಿ ವರ್ಗಾವಣೆ ಆಗಿದೆ ಎಂದು ಸಿಕ್ಕರೆ ಸಾಕು, 1924 ಅಲ್ಲಿಗೇ ಮುಗಿಯಿತು. ತದ್ವಿರುದ್ಧವಾಗಿ 1923ರ ಆಗಸ್ಟಿನಲ್ಲಿ ಅವರದೇ ಸಹಿ ಸಿಕ್ಕಿತು ಎಂದುಕೊಳ್ಳಿ. ಆಗ ನಾವು ಇಲ್ಲಿವರೆಗೆ ಕಟ್ಟಿದ್ದೆಲ್ಲ ಬಿದ್ದುಹೋಗುತ್ತದೆ. ಆ ಮಾರ್ಚಿನಲ್ಲಿ ತೀರಿಕೊಂಡವರು ಅದೇ ಹೆಸರಿನ ಬೇರೊಬ್ಬರು ಎನ್ನಬೇಕಾಗುತ್ತದೆ. ಮತದಾರರ ಪಟ್ಟಿಯನ್ನು ಮಾತ್ರ ಹುಷಾರಾಗಿ ಬಳಸಿ. ತೀರಿಕೊಂಡವರ ಹೆಸರು ಮುಂದಿನ ಪಟ್ಟಿಯಲ್ಲೂ ಉಳಿದಿರುವುದು ಉಂಟು.

ಬೇರೊಬ್ಬರು ಇರಬಹುದು ಎನ್ನುವ ಅನುಮಾನವನ್ನು ನಿಮ್ಮ ಪಟ್ಟಿಯಲ್ಲಿರುವ 71 ಮತ್ತು 68 ಹುಟ್ಟಿಸುತ್ತವೆ. ಆದರೆ ನನಗೆ ಅದು ದೊಡ್ಡ ಸಮಸ್ಯೆ ಎನಿಸುವುದಿಲ್ಲ. ಸಾವಿನ ದಾಖಲೆಯಲ್ಲಿ ತುಂಬ ಸಡಿಲವಾದ ಮಾತು ವಯಸ್ಸೇ. ಅಳಿಯ ಮಾವನ ಹುಟ್ಟನ್ನು ನೋಡಿದವರಲ್ಲ. ಸ್ಮಶಾನದ ಗುಮಾಸ್ತರಿಗೆ ಹೇಳಿದವರು ಇನ್ಯಾರೋ. ನಡೆಯುತ್ತಿರುವ ವರ್ಷವನ್ನೇ ವಯಸ್ಸು ಎಂದು ಹೇಳುವವರೂ ಇದ್ದಾರೆ. ಶೇಕ್ಸ್‌ಪಿಯರ್ ಸ್ಮಾರಕದಲ್ಲಿ 53 ಎಂದಿದೆ, ತುಂಬಿದ್ದು 52 ಮಾತ್ರ, ನಡೆಯುತ್ತಿದ್ದುದು 53. ನಿಮ್ಮ ಎರಡು ದಾಖಲೆಗಳಲ್ಲಿರುವವರು ಒಬ್ಬರೇನಾ ಎಂದು ತಿಳಿಯಲು ವಯಸ್ಸು ಬಿಟ್ಟು ಹೆಂಡತಿಯ ಹೆಸರು, ಮನೆಯ ವಿಳಾಸ, ಕಸುಬು ಹೊಂದಿಸಿ ನೋಡಿ. ಇವು ಎರಡೂ ಕಡೆ ಕೂಡಿ ಬಂದರೆ ಮೂರು ವರ್ಷದ ವ್ಯತ್ಯಾಸವನ್ನು ಬಿಟ್ಟುಬಿಡಬಹುದು.

ಈಗ ಎರಡನೇ ಸಮಾಧಿ. ಒಬ್ಬ ಮನುಷ್ಯನಿಗೆ ಎರಡು ಕಡೆ ಸಮಾಧಿ ಇದೆ ಎಂದಾಗ ಒಂದು ಸುಳ್ಳು ಇರಲೇಬೇಕು ಎಂದೇನಿಲ್ಲ. ಕೊಲಂಬಸ್ ತೀರಿಕೊಂಡಿದ್ದು 1506ರಲ್ಲಿ, ಸ್ಪೇನಿನ ವಯ್ಯದೊಲಿದ್‌ನಲ್ಲಿ. ಅಲ್ಲಿಂದ ಸೆವಿಲ್, ಆಮೇಲೆ ಸಮುದ್ರ ದಾಟಿ ಸಾಂತೊ ಡೊಮಿಂಗೊ. 1795ರಲ್ಲಿ ಅಲ್ಲಿಂದ ಹವಾನಾಕ್ಕೆ ಅಸ್ಥಿ ಒಯ್ದರು, 1898ರಲ್ಲಿ ಹವಾನಾದಿಂದ ಮತ್ತೆ ಸ್ಪೇನಿಗೆ ಸಾಗಿಸಿದರು. ಈ ನಡುವೆ 1877ರಲ್ಲಿ ಸಾಂತೊ ಡೊಮಿಂಗೊದ ಚರ್ಚಿನಲ್ಲಿ ಅವನ ಹೆಸರಿದ್ದ ಸೀಸದ ಪೆಟ್ಟಿಗೆಯೊಂದು ಸಿಕ್ಕಿತು. ಇವತ್ತಿಗೂ ಸೆವಿಲ್, ಸಾಂತೊ ಡೊಮಿಂಗೊ ಎರಡೂ ನಗರಗಳು ನಮ್ಮಲ್ಲೇ ಇದ್ದಾನೆ ಎನ್ನುತ್ತವೆ. ಅಮೆರಿಕದ ಹೆಸರಾಂತ ಅನ್ವೇಷಕ ಡೇನಿಯಲ್ ಬೂನ್ 1820ರಲ್ಲಿ ಮಿಸೌರಿಯಲ್ಲಿ ತೀರಿಕೊಂಡ. 1845ರಲ್ಲಿ ಅಸ್ಥಿ ತೆಗೆದು ಕೆಂಟಕಿಗೆ ಒಯ್ದರು. ತೆಗೆದದ್ದು ಅವನದೇನಾ ಎಂಬ ವಾದ ಇನ್ನೂ ಇದೆ.

ಸಾಮಾನ್ಯ ಜನರ ಸಮಾಧಿಯೂ ಜಾಗ ಬದಲಿಸುತ್ತದೆ. ರಸ್ತೆ, ರೈಲು, ಅಣೆಕಟ್ಟು ಬಂದಾಗ ಸ್ಮಶಾನವೇ ಎದ್ದು ಹೋಗಿರುವುದು ಉಂಟು. ಮೊದಲ ಮಹಾಯುದ್ಧ ಮುಗಿದ ಮೇಲೆ ಚದುರಿಹೋಗಿದ್ದ ಸಾವಿರಾರು ಸೈನಿಕರ ಸಮಾಧಿಗಳನ್ನು ದೊಡ್ಡ ಸ್ಮಶಾನಗಳಿಗೆ ತಂದು ಸೇರಿಸಿದರು. ಯಾವ ದೇಹ ಎಲ್ಲಿಂದ ಬಂತು ಎಂದು ಬರೆದ ಹಾಳೆಗಳು ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ ಬಳಿ ಇವೆ. ಆ ಆಯೋಗ ಶುರುವಾಗಿದ್ದು 1917ರಲ್ಲಿ. ಹಾಗೆಯೇ, ಹೆಸರು ಇದ್ದಲ್ಲಿ ದೇಹ ಇರಲೇಬೇಕು ಎಂದೂ ಇಲ್ಲ. ಬೆಲ್ಜಿಯಂನ ಮೆನಿನ್ ಗೇಟ್ ಸ್ಮಾರಕದಲ್ಲಿ 54,000ಕ್ಕೂ ಹೆಚ್ಚು ಹೆಸರುಗಳಿವೆ. ಅವರೆಲ್ಲ ಎಲ್ಲಿ ಮಣ್ಣಾದರು ಎಂದು ತಿಳಿಯದವರು. ಮನೆತನದ ಕಲ್ಲುಗಳಲ್ಲೂ ಹೀಗೇ. ಮಗಳ ಸಮಾಧಿ ಕಲ್ಲಿನಲ್ಲಿ ಬೇರೆಲ್ಲೋ ಮಣ್ಣಾದ ಅಪ್ಪನ ಹೆಸರನ್ನೂ ನೆನಪಿಗೆಂದು ಸೇರಿಸುತ್ತಾರೆ. ಓದಿದವರು ಅಪ್ಪನೂ ಅಲ್ಲೇ ಇದ್ದಾರೆ ಎಂದು ಪಟ್ಟಿಗೆ ಹಾಕುತ್ತಾರೆ.

ನೀವು ಮಾಡಬೇಕಾದ್ದು ಇಷ್ಟು. ಆ ಇನ್ನೊಂದು ಊರಿನ ಸ್ಮಶಾನದ ಕಚೇರಿಗೆ ಬರೆದು, ಕಲ್ಲಿನ ವಿವರ ಬೇಡ, ರಿಜಿಸ್ಟರಿನ ಸಾಲು ಬೇಕು ಎಂದು ಕೇಳಿ. ಆ ಜಾಗವನ್ನು ಕೊಂಡವರು ಯಾರು, ಅದರಲ್ಲಿ ಯಾರ್ಯಾರನ್ನು ಯಾವ ದಿನ ಇಟ್ಟಿದ್ದಾರೆ ಎನ್ನುವುದನ್ನೂ ಕೇಳಿ. ಕಲ್ಲಿನಲ್ಲಿ ಹೆಸರಿದ್ದು ರಿಜಿಸ್ಟರಿನಲ್ಲಿ ಇಲ್ಲದಿದ್ದರೆ ಅದು ನೆನಪಿನ ಹೆಸರು. ರಿಜಿಸ್ಟರಿನಲ್ಲೂ ಇದ್ದು ದಿನ ಬಹಳ ತಡವಾಗಿದ್ದರೆ, ದೇಹ ಆಮೇಲೆ ಅಲ್ಲಿಗೆ ಹೋಗಿರಬಹುದು. ಹಾಗಿದ್ದರೆ ಮೊದಲ ಸ್ಮಶಾನದ ರಿಜಿಸ್ಟರಿನ ಷರಾ ಕಾಲಮ್ಮಿನಲ್ಲಿ ತೆಗೆದ ಗುರುತು ಇರಬೇಕು, ಅನುಮತಿಯ ಕಾಗದವೂ ಇರಬೇಕು. ಇಂಗ್ಲೆಂಡಿನಲ್ಲಂತೂ 1857ರ ಕಾಯ್ದೆಯಿಂದ ಈಚೆಗೆ ಅನುಮತಿ ಇಲ್ಲದೆ ದೇಹ ತೆಗೆಯುವುದು ಅಪರಾಧ. ಎರಡರಲ್ಲೂ ಏನೂ ಸಿಗದಿದ್ದರೆ ವೆಬ್‌ಸೈಟ್ ಪುಟ ತೆರೆದವರಿಗೇ ಬರೆಯಿರಿ. ಎಲ್ಲಿಂದ ಸಿಕ್ಕಿತು ಎಂದು ಮೆತ್ತಗೆ ಕೇಳಿ. ಅವರು ನಿಮಗೆ ದೂರದ ನೆಂಟರೇ ಆಗಿರಬಹುದು, ನಿಮ್ಮಲ್ಲಿಲ್ಲದ ಪತ್ರವೊಂದು ಅವರಲ್ಲಿರಬಹುದು.

ನಿಮ್ಮ ಮುತ್ತಜ್ಜನಿಗಿಂತ ಹಿಂದಕ್ಕೆ ಹೋಗುವವರಿಗೆ ಒಂದು ಮಾತು, ಬೇಗ ಹೇಳಿ ಮುಗಿಸುತ್ತೇನೆ. ಸಾಯುವ ಮುಂಚೆಯೇ ಮಣ್ಣು ಮಾಡಿದಂತೆ ಕಾಣುವ ಇನ್ನೊಂದು ಕಾರಣ ಕ್ಯಾಲೆಂಡರ್. ಹಳೆಯ ಜೂಲಿಯನ್ ಕ್ಯಾಲೆಂಡರ್ ಬಿಟ್ಟು ಈಗಿನ ಗ್ರೆಗೋರಿಯನ್ ಕ್ಯಾಲೆಂಡರಿಗೆ ಬಂದಾಗ ದೇಶಗಳು ಕೆಲವು ದಿನ ಹಾರಿಸಿದವು. ಬ್ರಿಟನ್ನಿನಲ್ಲಿ 1752ರ ಸೆಪ್ಟೆಂಬರ್ 2ರ ಮರುದಿನ 14. ಅದಕ್ಕೂ ಮೊದಲು ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ, ಹಾಗಾಗಿ ಫೆಬ್ರವರಿ 1731 ಎಂದು ಬರೆದಿದ್ದರೆ ಅದು ನಮ್ಮ ಲೆಕ್ಕದ 1732. ರಷ್ಯಾ ಬದಲಾಯಿಸಿದ್ದು 1918ರಲ್ಲಿ. ಗ್ರೀಸ್ ನಿಮ್ಮ ಮುತ್ತಜ್ಜ ತೀರಿಕೊಂಡ 1923ರಲ್ಲೇ, ಫೆಬ್ರವರಿ 15ರ ಮರುದಿನವನ್ನು ಮಾರ್ಚ್ 1 ಎಂದು ಮಾಡಿಕೊಂಡಿತು. ಎರಡು ದೇಶಗಳ ಕಾಗದ ಕೈಯಲ್ಲಿದ್ದರೆ ಇದನ್ನು ಮರೆಯಬೇಡಿ.

ಎಲ್ಲ ಸೇರಿಸಿ ನನ್ನ ಅಭಿಪ್ರಾಯ ಹೀಗಿದೆ. ತೀರಿಕೊಂಡಿದ್ದು 1923ರ ಮಾರ್ಚ್ 7, ಬುಧವಾರ. ಮಣ್ಣು ಮಾಡಿದ್ದು ಮರುದಿನ. ಪತ್ರಿಕೆ ದಿನ ಹೇಳುತ್ತದೆ, ಸ್ಮಶಾನದ ರಿಜಿಸ್ಟರ್ ಅದಕ್ಕೆ ಕೂಡಿ ಬರುತ್ತದೆ, ಕಲ್ಲಿನ ದಿನ ಮತ್ತು ತಿಂಗಳೂ ಅದೇ. ಪ್ರಮಾಣಪತ್ರದ 9 ಮತ್ತು ಕಲ್ಲಿನ 1924 ಹೇಗೆ ಬಂದವು ಎಂಬುದಕ್ಕೆ ಕಾರಣ ಕೊಡಬಹುದು. ಮೂಲ ಪುಟ ಬಂದಾಗ ಅದರಲ್ಲಿ 7 ಇದ್ದರೆ ಸಂತೋಷ, 9 ಇದ್ದರೂ ಈ ತೀರ್ಮಾನ ಬದಲಾಗುವುದಿಲ್ಲ. ಬದಲಾಗುವುದು ಎರಡೇ ಸಂದರ್ಭದಲ್ಲಿ. ಮಾರ್ಚ್ 8ರ ನಂತರ ಅವರು ಬದುಕಿದ್ದರು ಎಂಬ ಗುರುತು ಸಿಗಬೇಕು, ಇಲ್ಲವೇ ಸ್ಮಶಾನದ ರಿಜಿಸ್ಟರಿನ ಸಾಲು ಬೇರೊಬ್ಬರದು ಎಂದು ತಿಳಿಯಬೇಕು.

ಇದನ್ನೆಲ್ಲ ಒಂದು ಪುಟದಲ್ಲಿ ಬರೆದಿಡಿ. ಯಾವ ದಾಖಲೆ ಏನು ಹೇಳುತ್ತದೆ, ಯಾವುದನ್ನು ಯಾಕೆ ಒಪ್ಪಿದಿರಿ, ಯಾವುದನ್ನು ಯಾಕೆ ಬಿಟ್ಟಿರಿ. ಬಿಟ್ಟ ತಾರೀಖುಗಳನ್ನು ಅಳಿಸಬೇಡಿ. ಇಲ್ಲವಾದರೆ ಮುಂದೆ ನಿಮ್ಮ ಮೊಮ್ಮಗಳಿಗೆ ಅದೇ ಪ್ರಮಾಣಪತ್ರ ಸಿಕ್ಕಾಗ ನೀವು ಅದನ್ನು ನೋಡಿಯೇ ಇರಲಿಲ್ಲ ಎಂದುಕೊಂಡು ಮತ್ತೆ ಮೊದಲಿನಿಂದ ಶುರು ಮಾಡುತ್ತಾಳೆ.

ಕಲ್ಲಿನ ವಿಷಯದಲ್ಲಿ ಅವಸರ ಬೇಡ. ಇನ್ನೊಂದು ಊರಿನ ಸ್ಮಶಾನದಿಂದ ಉತ್ತರ ಬರುವವರೆಗೆ ಕಾಯಿರಿ, ಯಾಕೆಂದರೆ ಅದು ತಾರೀಖಿನ ಪ್ರಶ್ನೆ ಅಲ್ಲ, ಕಲ್ಲು ಎಲ್ಲಿ ನಿಲ್ಲಬೇಕು ಎನ್ನುವ ಪ್ರಶ್ನೆ. ಆಮೇಲೆ ತೀರಿಕೊಂಡ ದಿನ ಮಾತ್ರ ಕೆತ್ತಿಸಿ, ವಯಸ್ಸು ಕೆತ್ತಿಸಬೇಡಿ. 71 ಮತ್ತು 68ರಲ್ಲಿ ಯಾವುದು ಸರಿ ಎನ್ನಲು ಹುಟ್ಟಿನ ಹೊತ್ತಿನ ದಾಖಲೆ ಬೇಕು, ಅದಿನ್ನೂ ನಿಮಗೆ ಸಿಕ್ಕಿಲ್ಲ. ಹಳೆಯ ಕಲ್ಲಿನ ಎರಡೂ ತುಂಡುಗಳನ್ನು ಸ್ಮಶಾನದವರು ಒಪ್ಪಿದರೆ ಹೊಸದರ ಬುಡದಲ್ಲೇ ಮಲಗಿಸಿಡಿ. ಒಪ್ಪದಿದ್ದರೆ ಎಲ್ಲ ಸಾಲುಗಳೂ ಓದುವಂತೆ ಫೋಟೊ ತೆಗೆದು, ತೆಗೆದ ದಿನ ಬರೆದು, ಆ ಪುಟದ ಜೊತೆಗೇ ಇಡಿ.